ಸೈಕಲ್ಲಿನ ಮೇಲೆ ವಲ್ಲಾರ್ಪಾಡಂ–ಚೆರಾಯಿ ಸುತ್ತು
(ಸಂಘದ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಬಂದ ಊರಿನಲ್ಲಿ ಮೂರೇ ಜಾಗ ಗೊತ್ತು: ಕೆಲಸದ ಜಾಗ, ಮಲಗುವ ಕೋಣೆ, ಊರಿಗೆ ಹೋಗುವ ರೈಲು ನಿಲ್ಲುವ ಸ್ಟೇಷನ್ನು. ಹತ್ತು ವರ್ಷ ಎರ್ನಾಕುಳದಲ್ಲಿದ್ದು ಎದುರಿನ ದ್ವೀಪದ ಮೇಲೆ ಕಾಲಿಡದವರು ನಮ್ಮಲ್ಲಿ ಇದ್ದಾರೆ. ಅನ್ನ ಕೊಡುವ ನೆಲವನ್ನು ತಿಳಿಯದೆ ಇರುವುದು ಒಳ್ಳೆಯದಲ್ಲ. ತಿಳಿಯಲು ಹೆಚ್ಚು ಹಣವೂ ಬೇಕಿಲ್ಲ. ಒಂದು ಹಳೆಯ ಸೈಕಲ್ಲು, ಒಂದು ರಜಾದಿನ ಸಾಕು. ಬಸ್ಸಿನಲ್ಲಿ ಕೂತರೆ ಊರು ಓಡಿಹೋಗುತ್ತದೆ, ನಡೆದರೆ ದಾರಿ ಸಾಗದು. ಸೈಕಲ್ಲಿನ ವೇಗವೇ ಊರನ್ನು ನೋಡಲು ತಕ್ಕ ವೇಗ. ಆದುದರಿಂದ ಸುಮಾರು ಐವತ್ತೈದು ಅರವತ್ತು ಕಿಲೋಮೀಟರಿನ ಒಂದು ಸುತ್ತಿನ ದಾರಿಯನ್ನು ಇಂದು ತಮ್ಮ ಮುಂದಿಡುತ್ತೇವೆ.

ಎರ್ನಾಕುಳದ ಹೈಕೋರ್ಟಿನ ಬಳಿಯಿಂದ ಹೊರಟರೆ ಸೇತುವೆಗಳು ಸಾಲಾಗಿ ಸಿಗುತ್ತವೆ. ಮೊದಲು ಬೋಳ್ಗಾಟ್ಟಿ, ಆಮೇಲೆ ವಲ್ಲಾರ್ಪಾಡಂ, ಕೊನೆಗೆ ವೈಪಿನ್. ಇವು ಗೋಶ್ರೀ ಸೇತುವೆಗಳು. ಗೋಶ್ರೀ ಎಂಬುದು ಕೊಚ್ಚಿಯ ಹಳೆಯ ಹೆಸರು. 2004ರಲ್ಲಿ ಇವು ತೆರೆಯುವವರೆಗೂ ಈ ದ್ವೀಪಗಳ ಜನ ಕಣ್ಣೆದುರಿನ ಎರ್ನಾಕುಳಕ್ಕೆ ದೋಣಿಯಲ್ಲೇ ಬರಬೇಕಾಗಿತ್ತು. ಕೂಲಿಗೆ ಬರುವವರು, ಕಾಲೇಜಿನ ಹುಡುಗರು, ಆಸ್ಪತ್ರೆಯ ರೋಗಿಗಳು, ಎಲ್ಲರೂ ಕಡವಿನಲ್ಲಿ ಕಾದವರೇ. ನಮಗೆ ಅರ್ಧ ಗಂಟೆಯೊಳಗೆ ಮುಗಿಯುವ ಈ ದಾರಿಗೆ ಅವರು ಎಷ್ಟೋ ವರ್ಷ ಬೇಡಿಕೆ ಸಲ್ಲಿಸಿದ್ದರು. ಸೇತುವೆಯ ಮೇಲೆ ಒಂದು ನಿಮಿಷ ಇಳಿದು ನಿಂತರೆ ಎಡಗಡೆ ಹಡಗುಗಳು, ಬಲಗಡೆ ತೆಂಗಿನ ದ್ವೀಪಗಳು ಕಾಣುತ್ತವೆ.

ವಲ್ಲಾರ್ಪಾಡಂ ಚಿಕ್ಕ ದ್ವೀಪ, ಹೆಸರು ದೊಡ್ಡದು. ಇಲ್ಲಿಯ ಮಾತೆಯ ಚಿತ್ರವನ್ನು ಪೋರ್ತುಗೀಸರು 1524ರಲ್ಲಿ ತಂದರೆಂದು ಹೇಳುತ್ತಾರೆ. 1676ರ ನೆರೆಯಲ್ಲಿ ಇಗರ್ಜಿ ಕೊಚ್ಚಿಹೋದಾಗ ನೀರಿನಲ್ಲಿ ತೇಲುತ್ತಿದ್ದ ಆ ಚಿತ್ರವನ್ನು ಎತ್ತಿಸಿದವರು ಕೊಚ್ಚಿ ಅರಸರ ಮಂತ್ರಿಗಳಾದ ಪಾಲಿಯತ್ತು ರಾಮನ್ ವಲಿಯಚ್ಚನ್. ಹೊಸ ಇಗರ್ಜಿಗೆ ಭೂಮಿ ಕೊಟ್ಟವರೂ ಅವರೇ, ಅವರು ಹಿಂದೂಗಳು. 1752ರಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮುಳುಗಿದ ಮೀನಾಕ್ಷಿ ಅಮ್ಮ ಎಂಬ ನಾಯರ್ ಹೆಂಗಸೂ ಅವಳ ಕೂಸೂ ಮೂರನೆಯ ದಿನ ಬದುಕಿ ಬಂದರೆಂಬುದು ಇಲ್ಲಿಯ ನಂಬಿಕೆ. ಹರಕೆ ಹೊತ್ತವರು ಇಂದಿಗೂ ಪೊರಕೆ ಹಿಡಿದು ಇಗರ್ಜಿಯ ಅಂಗಳ ಗುಡಿಸುತ್ತಾರೆ. ಸೆಪ್ಟೆಂಬರ್ 24ರ ಹಬ್ಬಕ್ಕೆ ಎಲ್ಲ ಮತದವರೂ ಬರುತ್ತಾರೆ. ನಮ್ಮ ಕಡೆಯ ಜಾತ್ರೆಗಳನ್ನು ಕಂಡವರಿಗೆ ಇದು ಹೊಸದೆನಿಸದು.

ವೈಪಿನ್ ಉದ್ದನೆಯ, ಕಿರಿದಾದ ದ್ವೀಪ. 1341ರಲ್ಲಿ ಪೆರಿಯಾರ್ ಹೊಳೆಯ ಮಹಾನೆರೆ ತಂದ ಮಣ್ಣುಮರಳಿನಿಂದ ಈ ನೆಲ ಎದ್ದಿತೆಂದು ಪ್ರತೀತಿ. ಪುದುವೈಪ್ಪು ಎಂದರೆ ಹೊಸದಾಗಿ ಇಟ್ಟದ್ದು. ಆ ವರ್ಷದಿಂದ ಎಣಿಸುವ ಒಂದು ಶಕೆಯೇ ಇತ್ತು. ಸಮುದ್ರ ಕೊಟ್ಟ ನೆಲವನ್ನು ಸಮುದ್ರವೇ ಕೇಳುತ್ತಿದೆ ಎಂಬುದು ದಡಕ್ಕೆ ಹೋದರೆ ತಿಳಿಯುತ್ತದೆ. ಮರಳಿನ ದಿಬ್ಬ ಬರಿಯ ಮರಳಲ್ಲ. ಮಳೆಗಾಲದ ಅಲೆ ದಿಬ್ಬದ ಮರಳನ್ನು ಒಳಕ್ಕೆಳೆಯುತ್ತದೆ, ಬೇಸಗೆಯ ಶಾಂತ ಅಲೆ ಹಿಂದಕ್ಕೆ ತಂದು ಹಾಕುತ್ತದೆ. ಅಡುಂಬು ಬಳ್ಳಿ ಅದನ್ನು ಬೇರಿನಿಂದ ಹಿಡಿದಿಡುತ್ತದೆ. ದಿಬ್ಬ ತೆಗೆದು ಮನೆ, ರಸ್ತೆ ಮಾಡಿದಲ್ಲಿ ಈ ಕೊಡುಕೊಳ್ಳುವಿಕೆ ನಿಂತು, ಕಡೆಗೆ ಕಲ್ಲಿನ ಗೋಡೆ ಕಟ್ಟಬೇಕಾಗುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ದ್ವೀಪದ ಎಡವನಕ್ಕಾಡಿನಲ್ಲಿ ಜೀವಹಾನಿಯಾಯಿತು. ಪುದುವೈಪ್ಪಿನ ಕಡೆ ಕಾಂಡ್ಲಾ ಕಾಡು ಉಳಿದಿದೆ. ಮಲಯಾಳದಲ್ಲಿ ಅದು ಕಂಡಲ್. ಉಪ್ಪುನೀರಿನಲ್ಲಿ ಬೇರೂರಿ ಮಣ್ಣು ಹಿಡಿಯುವ, ಮೀನುಮರಿಗೆ ನೆರಳಾಗುವ ಕಾಡು ಅದು.

ಒಳಭಾಗದಲ್ಲಿ ಪೊಕ್ಕಾಳಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಉತ್ತರ ಕನ್ನಡದಿಂದ ಬಂದವರು ಇದನ್ನು ಕಂಡರೆ ಕುಮಟೆಯ ಗಜನಿ ಭೂಮಿಯನ್ನೂ ಕಗ್ಗ ಭತ್ತವನ್ನೂ ನೆನೆಯದೆ ಇರಲಾರರು. ಭಾಷೆ ಬೇರೆ, ಸಮುದ್ರದ ಸಂಗಡ ಬಾಳುವ ಬುದ್ಧಿ ಒಂದೇ.

ಚೆರಾಯಿಯಲ್ಲಿ ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹಿನ್ನೀರು. ಇಲ್ಲಿ ಹುಟ್ಟಿದವರು ಸಹೋದರನ್ ಅಯ್ಯಪ್ಪನ್. 1917ರಲ್ಲಿ ಈ ಊರಿನಲ್ಲಿ ಅವರು ಮೇಲು ಕೀಳೆಂಬ ಭೇದ ಬಿಟ್ಟು ಒಂದೇ ಪಂಕ್ತಿಯಲ್ಲಿ ಊಟ ನಡೆಸಿದರು. ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಊರ ಹೋಟೆಲಿನಲ್ಲಿ ಯಾರ ಪಕ್ಕದಲ್ಲಾದರೂ ಕೂತು ಉಣ್ಣುವ ನಾವು ಈ ದಾರಿಯಲ್ಲಿ ಹೋಗುವಾಗ ಅವರನ್ನು ನೆನೆಯುವುದು ನ್ಯಾಯ.

ದ್ವೀಪದ ಬಡಗಣ ತುದಿಯ ಪಳ್ಳಿಪ್ಪುರದಲ್ಲಿ ಪೋರ್ತುಗೀಸರು ಕಟ್ಟಿದ ಆರು ಮೂಲೆಯ ಪುಟ್ಟ ಕೋಟೆ ಇದೆ. ಕನ್ನಡಿಗರು ಅದನ್ನು ನೋಡಲೇಬೇಕು. 1789ರಲ್ಲಿ ಡಚ್ಚರು ಇದನ್ನೂ ಕೊಡುಂಗಲ್ಲೂರು ಕೋಟೆಯನ್ನೂ ತಿರುವಾಂಕೂರಿಗೆ ಮಾರಿದರು. ತನಗೆ ಕಪ್ಪ ಕೊಡುವ ಕೊಚ್ಚಿಯ ನೆಲವನ್ನು ಮಾರಲು ಡಚ್ಚರು ಯಾರೆಂದು ಟಿಪ್ಪೂ ಸುಲ್ತಾನ್ ಆಕ್ಷೇಪವೆತ್ತಿದನು. ಆ ವರ್ಷದ ಕೊನೆಯಲ್ಲಿ ತಿರುವಾಂಕೂರಿನ ನೆಡುಂಕೋಟೆಯ ಮೇಲೆ ದಾಳಿ ನಡೆಯಿತು. ಅದರಿಂದ ಹುಟ್ಟಿದ ಮೂರನೆಯ ಮೈಸೂರು ಯುದ್ಧ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮುಗಿದು, ಮೈಸೂರು ರಾಜ್ಯದ ಅರ್ಧ ಕೈಬಿಟ್ಟಿತು. ಒಂದು ಮನೆಯಷ್ಟಿರುವ ಈ ಕೋಟೆಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಇಂಥ ನಂಟು!

ಅಲ್ಲಿಂದ ಚೆರಾಯಿಗೆ ಮರಳಿ, ಉತ್ತರ ಪರವೂರು, ವರಾಪುಳ ದಾಟಿ, ಚೇರಾನಲ್ಲೂರಿನಲ್ಲಿ ಕಂಟೈನರ್ ರಸ್ತೆ ಹಿಡಿಯಬೇಕು. ವಲ್ಲಾರ್ಪಾಡಂನ ಕಂಟೈನರ್ ಬಂದರು 2011ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದಕ್ಕೆಂದು ಈ ರಸ್ತೆಯನ್ನೂ, ಇಡಪ್ಪಳ್ಳಿಯಿಂದ 4.62 ಕಿಲೋಮೀಟರು ಉದ್ದದ ಸೇತುವೆ ದಾಟಿ ಬರುವ ರೈಲು ದಾರಿಯನ್ನೂ ಮಾಡಿದರು. 2018ರಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆ ತೆರೆಯುವವರೆಗೂ ದೇಶದ ರೈಲು ಸೇತುವೆಗಳಲ್ಲಿ ಇದೇ ಅತಿ ಉದ್ದದ್ದು. ರಸ್ತೆ ನುಣುಪಾಗಿದೆ, ಎರಡೂ ಕಡೆ ನೀರು, ಗಾಳಿ ಹಿತ. ಆದರೆ ದಾರಿಯಲ್ಲಿ ಮೂಲಂಪಿಳ್ಳಿ ಎಂಬ ಹೆಸರು ಕಂಡಾಗ ಪೆಡಲನ್ನು ಸ್ವಲ್ಪ ನಿಧಾನಿಸಬೇಕು. 2008ರ ಫೆಬ್ರವರಿ 6ರಂದು ಇಲ್ಲಿ ಮನೆಗಳನ್ನು ಕೆಡವಿ ಜನರನ್ನು ಎಬ್ಬಿಸಿದರು. ಬಂದರಿನ ದಾರಿಗಾಗಿ ಒಟ್ಟು 316 ಕುಟುಂಬಗಳು ಮನೆ ಕಳೆದುಕೊಂಡವು. ಜನ ಹೋರಾಡಿದ ಮೇಲೆ ಮುಂದಿನ ತಿಂಗಳು ಪುನರ್ವಸತಿಯ ಯೋಜನೆ ಬಂತು. ಆದರೆ ಕೊಟ್ಟ ನಿವೇಶನಗಳಲ್ಲಿ ಕೆಲವು ಮನೆ ನಿಲ್ಲದ ಜೌಗುನೆಲವೆಂಬ ದೂರು ವರ್ಷಗಟ್ಟಲೆ ಉಳಿಯಿತು. ಬಂದರು ಬೇಡವೆಂದು ನಾವು ಹೇಳುವುದಿಲ್ಲ. ಬಂದರಿದ್ದಲ್ಲಿ ನಮ್ಮಂಥವರಿಗೆ ಕೆಲಸವುಂಟು. ಆದರೆ ನಾವು ಕೆಲಸಕ್ಕಾಗಿ ಮನೆ ಬಿಟ್ಟು ಬಂದೆವು, ಅವರು ಇದ್ದಲ್ಲೇ ಮನೆ ಕಳೆದುಕೊಂಡರು. ಸಾರಾಗವಾದ ದಾರಿಯಲ್ಲಿ ಹೋಗುವವನು ಅದರ ಬೆಲೆ ತೆತ್ತವರನ್ನು ತಿಳಿದಿರಬೇಕು. ಇಂದು ನಾವು ಹೇಳಬೇಕೆಂದಿದ್ದ ಮುಖ್ಯ ಮಾತು ಇಷ್ಟೇ.

ಹೊರಡುವವರಿಗೆ ಕೆಲವು ಸೂಚನೆಗಳು. ಬೆಳಕು ಹರಿಯುವ ಮುಂಚೆ ಹೊರಡಿ. ಹತ್ತರ ಮೇಲೆ ಬಿಸಿಲೂ ಸೆಕೆಯೂ ಬಾಧಿಸುತ್ತವೆ. ಬ್ರೇಕು, ಗಾಳಿ, ಹಿಂದಿನ ಕೆಂಪು ದೀಪ ನೋಡಿಕೊಳ್ಳಿ. ವೈಪಿನ್ ರಸ್ತೆ ಕಿರಿದು, ಬಸ್ಸುಗಳ ಓಟ ಜೋರು. ಕಂಟೈನರ್ ಲಾರಿಯ ಚಾಲಕನಿಗೆ ಪಕ್ಕದ ಸೈಕಲ್ಲು ಕಾಣದು. ಅಂಚು ಬಿಡದೆ ಒಬ್ಬರ ಹಿಂದೊಬ್ಬರು ಹೋಗಿ. ಜೂನಿನಿಂದ ಆಗಸ್ಟಿನವರೆಗೆ ಕಡಲಿಗೆ ಇಳಿಯಬೇಡಿ. ಇಷ್ಟು ದೂರ ಆಗದವರು ವೈಪಿನ್ ಕಡವಿನಿಂದ ರೋ-ರೋ ದೋಣಿಯಲ್ಲಿ ಫೋರ್ಟು ಕೊಚ್ಚಿಗೆ ದಾಟಿ, ತೋಪ್ಪುಂಪಡಿಯ ಮೇಲಿಂದ ಎರ್ನಾಕುಳ ಸೇರಬಹುದು. ಅದು ಎರಡು ಮೂರು ಗಂಟೆಯ ಚಿಕ್ಕ ಸುತ್ತು.

ಕಡೆಯದಾಗಿ, ದಾರಿಯ ಚಹಾ ಅಂಗಡಿಗಳಲ್ಲಿ ನಿಂತು, ಹರಕುಮುರುಕಾದರೂ ಸರಿ, ಮಲಯಾಳದಲ್ಲಿ ಮಾತನಾಡಿಸಿ. ‘ಚೇಟ್ಟಾ’ ಎಂದು ಕರೆದು ದಾರಿ ಕೇಳಿದವನಿಗೆ ಅವರು ದಾರಿಯನ್ನೂ ಹೇಳುತ್ತಾರೆ, ಊರಿನ ಕಥೆಯನ್ನೂ ಹೇಳುತ್ತಾರೆ. ಕೇಳಿದ್ದನ್ನು ಬರೆದು ತಂದು ವಾಚನಾಲಯಕ್ಕೆ ಕೊಡಿ. ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವುಂಟು.