ಕಳೆದುಹೋದ ಒಳದಾರಿ

ಹುಣಸೂರು, ಪಿರಿಯಾಪಟ್ಟಣದ ಕಡೆಯ ಊರುಗಳಲ್ಲಿ ರಸ್ತೆ ಸುತ್ತಿಕೊಂಡು ಹೋದರೂ ಜನ ಸುತ್ತುವುದಿಲ್ಲ. ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ನಡೆದು ನಡೆದು ತಮ್ಮದೇ ಒಂದು ದಾರಿ ಮಾಡಿಕೊಂಡಿರುತ್ತಾರೆ. ಕತ್ತಲೆಯಲ್ಲಿಯೂ ಕಾಲಿಗೆ ಅದು ಗೊತ್ತು. ಹೊಲದವನು ಬದುವನ್ನು ಉತ್ತುಬಿಟ್ಟರೆ ಮಾತ್ರ ಕಾಲು ತಡವರಿಸುತ್ತದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ‘ಶಾರ್ಟ್‌ಕಟ್’ ಎನ್ನುತ್ತಾರಲ್ಲ, ಅದು ಇಂಥ ದಾರಿ. ಅದನ್ನು ‘ಅಡ್ಡದಾರಿ’ ಎಂದು ಕನ್ನಡಿಸಿದ್ದನ್ನು ನಾನು ಕಂಡಿದ್ದೇನೆ; ಅಡ್ಡದಾರಿ ಹಿಡಿದವನೆಂದರೆ ನಮ್ಮಲ್ಲಿ ಮರ್ಯಾದಸ್ಥನಲ್ಲ. ಆದುದರಿಂದ ನಾನು ಒಳದಾರಿ ಎಂದೇ ಹೇಳುತ್ತೇನೆ. ಕಳೆದುಹೋದ ಒಳದಾರಿಯನ್ನು ಮರಳಿ ಪಡೆಯುವುದು ಹೇಗೆಂಬುದು ಈ ಹೊತ್ತಿನ ಮಾತು.

ಪತ್ರ, ಪ್ರಶ್ನೆಪತ್ರಿಕೆಗಳನ್ನು ಬರೆಯುವ ವರ್ಡ್ ಪ್ರೊಸೆಸರ್ ಎಂಬ ತಂತ್ರಾಂಶವನ್ನು ಇಂದು ಹಳ್ಳಿಯ ಪ್ರೌಢಶಾಲೆಗಳಲ್ಲಿಯೂ ಬಳಸುತ್ತೇವಷ್ಟೆ. ಪುಟದ ನೆತ್ತಿಯ ಮೇಲೆ ಫೈಲ್, ಎಡಿಟ್, ವ್ಯೂ, ಇನ್ಸರ್ಟ್ ಎಂಬ ಪಟ್ಟಿಗಳ ಸಾಲು ಇರುತ್ತದೆ. ಆ ಹೆಸರುಗಳಲ್ಲಿ ಒಂದೊಂದು ಅಕ್ಷರದ ಕೆಳಗೆ ಸಣ್ಣ ಗೆರೆ. ಫೈಲ್ ಎಂಬಲ್ಲಿ ಎಫ್ ಅಕ್ಷರಕ್ಕೆ ಗೆರೆ. ಆಲ್ಟ್ ಎಂಬ ಕೀಲಿಯನ್ನು ಹಿಡಿದು ಎಫ್ ಒತ್ತಿದರೆ ಆ ಪಟ್ಟಿ ಇಳಿಯುತ್ತದೆ. ಇಲಿಯಂಥ ಮೌಸನ್ನು ಮುಟ್ಟುವ ಕೆಲಸವೇ ಇಲ್ಲ. 1987ರಲ್ಲಿ ಐಬಿಎಂ ಕಂಪನಿಯವರು ‘ಕಾಮನ್ ಯೂಸರ್ ಆಕ್ಸೆಸ್’ ಎಂಬ ನಿಯಮಾವಳಿಯನ್ನು ಹೊರಡಿಸಿದರು. ಒಂದು ತಂತ್ರಾಂಶದಲ್ಲಿ ಕಲಿತದ್ದು ಇನ್ನೊಂದರಲ್ಲಿಯೂ ನಡೆಯುವಂತೆ ಮಾಡಿದ ಪ್ರಯತ್ನಗಳಲ್ಲಿ ಅದು ಮುಖ್ಯವಾದುದು.

ಈ ದಾರಿ ತಪ್ಪುವುದು ಹೇಗೆ? ಲೋಪ, ಆಗಮ, ಆದೇಶ ಎಂದು ಸಂಧಿಗಳನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಲ್ಲಿಯೂ ಅವೇ ಕಾಣುತ್ತವೆ. ಪಾಣಿನಿಯ ಮತದಲ್ಲಿ ಲೋಪವೆಂದರೆ ನಾಶವಲ್ಲ, ಕಾಣದಿರುವುದು, ಅಷ್ಟೆ. ವಿಂಡೋಸ್ 2000 ಬಂದಂದಿನಿಂದ ಅಕ್ಷರದ ಕೆಳಗಿನ ಗೆರೆ ಆಲ್ಟ್ ಒತ್ತುವವರೆಗೂ ಅಡಗಿಯೇ ಇರುತ್ತದೆ. ಗೆರೆ ಹೋಯಿತೆಂದು ಗಾಬರಿಯಾದವರು ಆಲ್ಟ್ ಒತ್ತಿ ನೋಡಬೇಕು. ಗೆರೆ ಸದಾ ಕಾಣಬೇಕೆಂದರೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ, ಆಕ್ಸೆಸಿಬಿಲಿಟಿ ಎಂಬ ವಿಭಾಗದ ಕೀಬೋರ್ಡ್ ಪುಟದಲ್ಲಿ ಅದಕ್ಕೊಂದು ಗುಂಡಿ ಉಂಟು. ಎಫ್ 10 ಕೀಲಿಯೂ ಪಟ್ಟಿಯ ಸಾಲನ್ನು ಎಚ್ಚರಿಸುತ್ತದೆ. ಆದರೆ ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನೊತ್ತಿದರೆ ಪಟ್ಟಿಯ ಬದಲು ಸದ್ದೋ ಬೆಳಕೋ ಏರಿಳಿಯುತ್ತದೆ. ಎಫ್‌ಎನ್ ಎಂಬ ಕೀಲಿಯನ್ನು ಜೊತೆಗೆ ಹಿಡಿದರೆ ಸರಿಹೋಗುತ್ತದೆ.

ಆದೇಶವೆಂದರೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು. ಮೈಕ್ರೋಸಾಫ್ಟ್ ವರ್ಡ್‌ನ 2007ರ ಆವೃತ್ತಿಯಲ್ಲಿ ಹಳೆಯ ಪಟ್ಟಿಗಳ ಸಾಲು ಹೋಗಿ ‘ರಿಬ್ಬನ್’ ಎಂಬ ಪಟ್ಟೆ ಬಂದಿತು. ಇನ್ಸರ್ಟಿಗೆ ಐ ಒತ್ತುತ್ತಿದ್ದವರು ಎನ್ ಒತ್ತಬೇಕಾಯಿತು. ಅಲ್ಲಿ ಆಲ್ಟನ್ನು ಒಮ್ಮೆ ತಟ್ಟಿ ಬಿಟ್ಟರೆ ಯಾವುದಕ್ಕೆ ಯಾವ ಅಕ್ಷರವೆಂದು ತೆರೆಯೇ ತೋರಿಸುತ್ತದೆ. ನಿಮ್ಮ ಒಳದಾರಿಯನ್ನು ಬೇರೆ ಯಾವುದೋ ಆಜ್ಞೆ ಕಸಿದುಕೊಂಡಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಎಂದು ಹೋಗಿ, ತಳದಲ್ಲಿರುವ ಕೀಬೋರ್ಡ್ ಶಾರ್ಟ್‌ಕಟ್ಸ್ ಎಂಬುದನ್ನು ತೆರೆಯಬೇಕು. ಬೇಕಾದ ಕೀಲಿಗಳನ್ನು ಅಲ್ಲಿ ಒತ್ತಿದರೆ ಅದು ಈಗ ಯಾರ ವಶದಲ್ಲಿದೆ ಎಂಬುದನ್ನು ಹೇಳುತ್ತದೆ. ಖಾತೆ ಬದಲಾಯಿಸಿಕೊಳ್ಳುವುದು ತಾಲ್ಲೂಕು ಕಚೇರಿಗಿಂತ ಸುಲಭ.

ಇನ್ನು ಆಗಮದ ಮಾತು. ಇದು ಕನ್ನಡದವರಾದ ನಮ್ಮ ಸ್ವಂತ ತೊಡಕು. ಪಟ್ಟಿಯ ಹೆಸರನ್ನು ‘ಕಡತ’ ಎಂದು ಕನ್ನಡಕ್ಕೆ ತಂದೆವು. ಸಂತೋಷವೇ. ಆದರೆ ‘ಕಡತ’ದಲ್ಲಿ ಎಫ್ ಎಲ್ಲಿದೆ? ಗೆರೆ ಎಳೆಯಲು ಅಕ್ಷರವಿಲ್ಲ. ‘ಕ’ಕಾರಕ್ಕೇ ಗೆರೆ ಎಳೆಯೋಣವೆಂದರೆ, ಕೀಲಿಮಣೆ ಆ ಗಳಿಗೆಯಲ್ಲಿ ಇಂಗ್ಲಿಷಿನಲ್ಲಿದ್ದರೆ ‘ಕ’ ಬರುವುದೆಲ್ಲಿಂದ? ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ, ಅದನ್ನನುಸರಿಸಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯಲ್ಲಿ, ಎಫ್ ಎಂಬ ಕೀಲಿ ಒತ್ತಕ್ಷರ ಮಾಡುವ ಹಲಂತದ ಕೀಲಿ. ಬರೆಯುವಾಗ ಅಕ್ಷರಗಳನ್ನು ಬೆಸೆಯುವ ಬೆರಳೇ ಆಲ್ಟಿನ ಜೊತೆ ಸೇರಿ ಕಡತವನ್ನು ತೆರೆಯಬೇಕು. ಗ್ನೋಮ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಕನ್ನಡಿಸಿದವರು ಇದಕ್ಕೊಂದು ಉಪಾಯ ಮಾಡಿದರು: ‘ಕಡತ’ ಎಂದು ಬರೆದು, ಪಕ್ಕದಲ್ಲಿ ಕಂಸದೊಳಗೆ ಎಫ್ ಎಂಬ ರೋಮನ್ ಅಕ್ಷರವನ್ನು ಕೂರಿಸಿ, ಗೆರೆಯನ್ನು ಅದಕ್ಕೆ ಎಳೆದರು. ಚೀನೀ, ಜಪಾನೀ ಭಾಷೆಗಳಲ್ಲಿಯೂ ಇದೇ ಪದ್ಧತಿ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಕನ್ನಡದ ಬಾಲಕ್ಕೆ ಇಂಗ್ಲಿಷೇಕೆ ಎನ್ನುತ್ತಾರೆ. ವ್ಯಾಕರಣ ಬಲ್ಲವರು ಹಾಗೆನ್ನಲಾರರು. ಧಾತುಗಳಿಗೂ ಪ್ರತ್ಯಯಗಳಿಗೂ ಪಾಣಿನಿ ‘ಇತ್’ ಎಂಬ ಗುರುತಿನ ಅಕ್ಷರಗಳನ್ನು ಅಂಟಿಸಿದ್ದಾನೆ. ಅವು ಉಚ್ಚಾರದಲ್ಲಿ ಉಳಿಯುವುದಿಲ್ಲ. ಯಾವ ಕಾರ್ಯ ನಡೆಯಬೇಕೆಂಬುದನ್ನು ಸೂಚಿಸಿ ಸರಿದುಹೋಗುತ್ತವೆ. ಕಂಸದ ಎಫ್ ಕೂಡ ಇಂಥ ‘ಇತ್’ ಅಕ್ಷರ. ಅದನ್ನು ಅಂದಕ್ಕಾಗಿ ಅಳಿಸಿದರೆ ಕಾರ್ಯವೇ ನಿಂತುಹೋಗುತ್ತದೆ.

ಯಾರಿಗೆ ನಿಲ್ಲುತ್ತದೆ ಎಂಬುದನ್ನು ಹೇಳಬೇಕು. ಪಿರಿಯಾಪಟ್ಟಣದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನನ್ನ ಮಿತ್ರರೊಬ್ಬರು ಕನ್ನಡ ಪಾಠ ಹೇಳುತ್ತಾರೆ. ಅವರಿಗೆ ದೃಷ್ಟಿಯಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವೊಂದುಂಟು. 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣರು ಆರಂಭಿಸಿದ್ದು. ತೆರೆಯ ಮೇಲಿನದನ್ನು ಅದು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಬರಹ ಯೂನಿಕೋಡಿನಲ್ಲಿ ಇರಬೇಕು, ಅಷ್ಟೆ. ಹಳೆಯ ನುಡಿ ಅಕ್ಷರಶೈಲಿಯ ಕಡತ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉರುಳಿಸುತ್ತದೆ. ಮೌಸ್ ಎಂಬುದು ನನ್ನ ಮಿತ್ರರಿಗೆ ಇದ್ದರೂ ಒಂದೆ, ಇಲ್ಲದಿದ್ದರೂ ಒಂದೆ. ನಮಗೆ ಒಳದಾರಿಯಾದುದು ಅವರಿಗೆ ರಾಜಮಾರ್ಗ.

ಅವರು ಬಳಸುವುದು ಲಿಬ್ರೆ ಆಫೀಸ್ ಎಂಬ, 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ತಂತ್ರಾಂಶ. ಅದರಲ್ಲಿ ಅವರು ‘ಪ್ರಶ್ನೆಪತ್ರಿಕೆ’ ಎಂಬ ತಮ್ಮದೇ ಪಟ್ಟಿಯೊಂದನ್ನು ಮಾಡಿಸಿಕೊಂಡಿದ್ದರು. ಛಂದಸ್ಸಿನ ಪ್ರಶ್ನೆಗೆ ಲಘು ಗುರುಗಳ ಗುರುತು ಹಾಕುವ ವಿಶೇಷ ಚಿಹ್ನೆ, ಪುಟಸಂಖ್ಯೆ, ಕೋಷ್ಟಕ, ಮುದ್ರಣ, ಎಲ್ಲವೂ ಅದರೊಳಗೆ. ಆಲ್ಟ್ ಕ್ಯೂ ಒತ್ತಿದರೆ ತೆರೆಯುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಗೆ ಹತ್ತು ದಿನವಿರುವಾಗ ಯಂತ್ರ ಕೆಟ್ಟು, ರಿಪೇರಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ. ಪಟ್ಟಿಯೂ ಹೋಯಿತು, ಕ್ಯೂ ಕೂಡ ಹೋಯಿತು. “ಮೇಷ್ಟ್ರೇ, ನೀವು ಬಾಯಲ್ಲಿ ಹೇಳಿ, ಯಾರಾದರೂ ಹುಡುಗರು ಟೈಪು ಮಾಡಲಿ” ಎಂದರಂತೆ ಜೊತೆಯವರು. ಸಹಾಯದ ಮಾತೇ, ಸಂದೇಹವಿಲ್ಲ. ಆದರೆ ಬರೆಯುತ್ತಿದ್ದುದು ಪ್ರಶ್ನೆಪತ್ರಿಕೆ. ಹುಡುಗನ ಕೈಯಲ್ಲಿ ಟೈಪು ಮಾಡಿಸಿದ ಪ್ರಶ್ನೆಪತ್ರಿಕೆಯಲ್ಲಿ ಉಳಿಯುವ ಗುಟ್ಟಾದರೂ ಏನು? ಇಪ್ಪತ್ತು ವರ್ಷ ತಮ್ಮ ಪತ್ರಿಕೆಯನ್ನು ತಾವೇ ಸಿದ್ಧಪಡಿಸಿ, ತಾವೇ ಲಕೋಟೆ ಅಂಟಿಸಿದವರು ಅವರು. ಆ ಸಂಜೆ ನನಗೆ ಫೋನು ಮಾಡಿದರು. ಭಾನುವಾರದ ಬಸ್ಸಿಗೆ ಹುಣಸೂರಿನಿಂದ ಹೋದೆ.

ನಾವು ಮಾಡಿದ್ದನ್ನು ಕಾಗದ ಪೆನ್ಸಿಲು ಹಿಡಿದವರು ಗುರುತು ಹಾಕಿಕೊಳ್ಳಬಹುದು. ಟೂಲ್ಸ್ ಪಟ್ಟಿಯಲ್ಲಿ ಕಸ್ಟಮೈಸ್ ಎಂಬುದನ್ನು ತೆರೆಯುವುದು. ಅದರಲ್ಲಿ ಮೆನೂಸ್ ಎಂಬ ಹಾಳೆ. ಅಲ್ಲಿ ಹೊಸ ಪಟ್ಟಿಯೊಂದನ್ನು ಸೇರಿಸಿ, ಹೆಸರು ಕೇಳಿದಾಗ ‘ಪ್ರಶ್ನೆಪತ್ರಿಕೆ’ ಎಂದು ಬರೆದು, ಕೀಲಿಮಣೆಯನ್ನು ಇಂಗ್ಲಿಷಿಗೆ ಹೊರಳಿಸಿ, ಟಿಲ್ಡೆ ಎಂಬ ಅಲೆಯಾಕಾರದ ಗೆರೆ ಹಾಕಿ, ಅದಕ್ಕೆ ತಾಗಿದಂತೆ ಕ್ಯೂ ಅಕ್ಷರ ಬರೆಯುವುದು. ಟಿಲ್ಡೆಯ ಮುಂದಿನ ಅಕ್ಷರವೇ ಒಳದಾರಿಯ ಅಕ್ಷರವಾಗುತ್ತದೆ. ಕ್ಯೂ ಏಕೆಂದರೆ ಮೇಲಿನ ಸಾಲಿನ ಬೇರೆ ಯಾವ ಪಟ್ಟಿಯೂ ಅದನ್ನು ಹಿಡಿದಿರಲಿಲ್ಲ. ಒಂದೇ ಅಕ್ಷರಕ್ಕೆ ಇಬ್ಬರು ಒಡೆಯರಿರಬಾರದು. ಆಮೇಲೆ ಬೇಕಾದ ಆಜ್ಞೆಗಳನ್ನು ಎಡಗಡೆಯಿಂದ ಬಲಗಡೆಗೆ ಒಂದೊಂದಾಗಿ ಸೇರಿಸುವುದು.

ಮುಖ್ಯವಾದ ಮಾತೊಂದಿದೆ. ಅದೇ ಹಾಳೆಯಲ್ಲಿ ಸ್ಕೋಪ್ ಎಂಬ ಕಿರುಪಟ್ಟಿ ಇದೆ. ಅದರಲ್ಲಿ ಲಿಬ್ರೆ ಆಫೀಸ್ ರೈಟರ್ ಎಂದಿದ್ದರೆ ನಾವು ಮಾಡಿದ ಪಟ್ಟಿ ಆ ಯಂತ್ರದಲ್ಲಿ ಮಾತ್ರ ಉಳಿಯುತ್ತದೆ. ಹಿಂದಿನ ಸಲ ಹೋದದ್ದು ಇದರಿಂದಲೇ. ಅದರ ಬದಲು ತೆರೆದಿರುವ ಕಡತದ ಹೆಸರನ್ನೇ ಆರಿಸಿದರೆ ಪಟ್ಟಿ ಆ ಕಡತದೊಳಗೆ ಸೇರಿ, ಕಡತ ಹೋದಲ್ಲಿಗೆ ಹೋಗುತ್ತದೆ. ಪಟ್ಟಿಯಲ್ಲದೆ ಬಿಡಿ ಆಜ್ಞೆಗಳಿಗೆ ಕೊಟ್ಟ ಕೀಲಿಗಳಿದ್ದರೆ, ಪಕ್ಕದ ಕೀಬೋರ್ಡ್ ಎಂಬ ಹಾಳೆಯಲ್ಲಿ ಸೇವ್ ಒತ್ತಿ ಅವನ್ನೊಂದು ಕಡತವಾಗಿ ಇಟ್ಟುಕೊಂಡು, ಇನ್ನೊಂದು ಯಂತ್ರದಲ್ಲಿ ಲೋಡ್ ಒತ್ತಿ ಇಳಿಸಬಹುದು. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಲು ಸ್ಕ್ರೋಲ್ ಲಾಕ್ ಒತ್ತುವ ರೂಢಿಯವರು ಹೊಸ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲವೆಂದು ನನ್ನನ್ನು ಕೇಳುವುದುಂಟು. ವಿಂಡೋಸಿನ ಆನ್ ಸ್ಕ್ರೀನ್ ಕೀಬೋರ್ಡಿನಲ್ಲಿ ಅದು ಈಗಲೂ ಇದೆ.

ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಮಿತ್ರರು ಬರಿಯ ಪಟ್ಟಿ ಮಾತ್ರ ಇದ್ದ ಆ ಖಾಲಿ ಕಡತವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮುಂದಿನ ವಾರ ಕೃಷ್ಣರಾಜನಗರದಲ್ಲಿ ತರಬೇತಿಯೊಂದಕ್ಕೆ ಇಬ್ಬರೂ ಹೋಗಿದ್ದೆವು. ಅಲ್ಲಿನ ಯಂತ್ರವೊಂದಕ್ಕೆ ಅದನ್ನು ಚುಚ್ಚಿ, ಕಿವಿಗೆ ಹೆಡ್‌ಫೋನು ಏರಿಸಿ, ಆಲ್ಟ್ ಕ್ಯೂ ಒತ್ತಿದರು. ಪಟ್ಟಿ ತೆರೆಯಿತು. “ಪಂಡಿತರೇ, ಸ್ವಲ್ಪ ಆ ಕಡೆ ಕೂತುಕೊಳ್ಳಿ, ನಾನು ಬರೆಯುತ್ತಿರುವುದು ಪ್ರಶ್ನೆಪತ್ರಿಕೆ” ಎಂದರು.