ಕಲ್ಲಿನ ಗುಣ ಬಲ್ಲವನೇ ಗಣಕಕ್ಕೂ ಗುರು

(ನಗರದ ಯುವಕ ಯುವತಿಯರ ಸಭೆಯೊಂದರಲ್ಲಿ ಮಾಡಿದ ಮಾತಿನ ಬರಹ ರೂಪ)



ಗಣಕಯಂತ್ರ ಅಂದಕೂಡಲೇ ನಮ್ಮಲ್ಲಿ ಎರಡು ಬಗೆಯ ಜನ ಎದ್ದು ನಿಲ್ಲುತ್ತಾರೆ. ಒಬ್ಬರು ಕೈಮುಗಿಯುವವರು, ಇನ್ನೊಬ್ಬರು ಶಾಪ ಹಾಕುವವರು. ಅವರಿಗೆ ಅದು ದೇವರು, ಇವರಿಗೆ ಅನ್ನ ಕಸಿಯುವ ದೆವ್ವ. ಈ ಇಬ್ಬರನ್ನೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿ. ನಾನು ನಿಮಗೆ ಒಂದು ಕಲ್ಲುಗೋಡೆಯ ಕತೆ ಹೇಳುತ್ತೇನೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇಟಿಎಚ್ ಅನ್ನುವ ವಿಶ್ವವಿದ್ಯಾಲಯವಿದೆ. 1855ರಲ್ಲಿ ಶುರುವಾದದ್ದು. ಐನ್‌ಸ್ಟೈನ್ ಓದಿದ್ದು ಅಲ್ಲೇ. ಅಲ್ಲಿನ ವಾಸ್ತುಶಿಲ್ಪ ವಿಭಾಗದಲ್ಲಿ ಫಾಬಿಯೊ ಗ್ರಮಾಟ್ಸಿಯೊ ಮತ್ತು ಮಥಿಯಾಸ್ ಕೋಹ್ಲರ್ 2005ರಲ್ಲೇ ಕಟ್ಟಡ ಕೆಲಸಕ್ಕೆ ರೋಬೋಟು ಬಳಸುವ ಪ್ರಯೋಗಶಾಲೆ ತೆರೆದರು. ಆಮೇಲೆ ಮಾರ್ಕೊ ಹುಟ್ಟರ್ ಅವರ ರೋಬೋಟ್ ತಂಡ ಇವರ ಜೊತೆ ಸೇರಿತು. ನೆಲ, ನೀರು, ಗಿಡಮರ, ದಾರಿ ಇವನ್ನೆಲ್ಲ ಹೊಂದಿಸುವ ಭೂದೃಶ್ಯ ವಿನ್ಯಾಸದವರೂ ಸೇರಿದರು. ಮನೆ ಕಟ್ಟುವವನು, ತೋಟ ಕಟ್ಟುವವನು, ಯಂತ್ರ ಕಟ್ಟುವವನು, ಮೂವರೂ ಒಂದೇ ಮೇಜಿಗೆ ಬಂದರು.

ಅವರು ಹಿಡಿದದ್ದು ಸುಮಾರು 12 ಟನ್ ತೂಕದ ಮಣ್ಣು ಅಗೆಯುವ ಯಂತ್ರ. ನಮ್ಮ ಕಡೆ ಹಿಟಾಚಿ ಅನ್ನುತ್ತೇವಲ್ಲ, ಆ ಜಾತಿಯದು. ಅದಕ್ಕೆ ಹೀಪ್ ಎಂದು ಹೆಸರಿಟ್ಟರು. ಕ್ಯಾಮೆರಾ ಕೊಟ್ಟರು, ಲೇಸರ್ ಕಿರಣದಿಂದ ದೂರ ಅಳೆಯುವ ಕಣ್ಣು ಕೊಟ್ಟರು.

ಕೆಲಸ ನಡೆಯುವ ಬಗೆ ಕೇಳಿ. ಯಂತ್ರ ಮೊದಲು ಜಾಗವನ್ನೆಲ್ಲ ಅಳೆದು ನಕ್ಷೆ ಮಾಡಿಕೊಳ್ಳುತ್ತದೆ. ಬಿದ್ದಿರುವ ಕಲ್ಲುಗಳಲ್ಲಿ ಒಂದನ್ನು ಎತ್ತುತ್ತದೆ. ಅತ್ತಿತ್ತ ತಿರುಗಿಸಿ ಅದರ ಮೈಯನ್ನೆಲ್ಲ ನೋಡಿ ಗಣಕದೊಳಗೆ ಆ ಕಲ್ಲಿನ ಅಚ್ಚು ಮೂಡಿಸುತ್ತದೆ. ಅದರ ಭಾರ ಎಷ್ಟು, ಭಾರ ಯಾವ ಕಡೆ ಎಳೆಯುತ್ತದೆ ಎಂದು ಲೆಕ್ಕ ಹಾಕುತ್ತದೆ. ಅಲ್ಲಿಯವರೆಗೆ ಎದ್ದ ಗೋಡೆಯಲ್ಲಿ ಈ ಕಲ್ಲು ಎಲ್ಲಿ, ಯಾವ ಮಗ್ಗುಲಲ್ಲಿ ಕೂತರೆ ಅಲುಗದು ಎಂದು ಹುಡುಕುತ್ತದೆ. ಆಮೇಲೆ ತಂದು ಕೂರಿಸುತ್ತದೆ. ಸಿಮೆಂಟಿಲ್ಲ, ಗಾರೆಯಿಲ್ಲ. ಕಲ್ಲಿಗೆ ಕಲ್ಲೇ ಆಸರೆ!

ಹೀಗೆ ಮೊದಲು 109 ಕಲ್ಲುಗಳ ಒಂದು ಗೋಡೆ ಎದ್ದಿತು. ಆಮೇಲೆ ಜ್ಯೂರಿಕ್ ಹತ್ತಿರದ ಓಬರ್‌ಗ್ಲಾಟ್‌ನ ಒಂದು ಉದ್ಯಾನದಲ್ಲಿ ಮಣ್ಣು ಕುಸಿಯದಂತೆ ತಡೆಯುವ ದೊಡ್ಡ ಗೋಡೆ ಎದ್ದಿತು. ಉದ್ದ 65.5 ಮೀಟರ್, ಎತ್ತರ 6 ಮೀಟರ್, ಕಲ್ಲುಗಳು 938. ಉದ್ಯಾನದ ಏರಿಳಿತಗಳನ್ನು ಗಣಕದಲ್ಲೇ ಯೋಜಿಸಿ ಅದೇ ಯಂತ್ರದಿಂದ ಅಗೆಸಿದರು. 2023ರ ನವೆಂಬರಿನಲ್ಲಿ ಸೈನ್ಸ್ ರೊಬೊಟಿಕ್ಸ್ ಪತ್ರಿಕೆಯಲ್ಲಿ ಇದರ ವರದಿ ಬಂತು.

ಇಷ್ಟು ಕಷ್ಟ ಯಾಕೆ? ಕಾಂಕ್ರೀಟು ಸುರಿದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಜಗತ್ತು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟ್ ತಯಾರಿಕೆಯದೇ. ಸುತ್ತಮುತ್ತ ಸಿಗುವ ಕಾಡುಗಲ್ಲನ್ನೋ ಕೆಡವಿದ ಕಟ್ಟಡದ ತುಂಡನ್ನೋ ಇದ್ದ ಹಾಗೇ ಜೋಡಿಸಿದರೆ ಆ ಸಿಮೆಂಟು ಉಳಿಯುತ್ತದೆ. ನಾಳೆ ಗೋಡೆ ಬೇಡವಾದರೆ ಕಲ್ಲು ಬಿಡಿಸಿ ಇನ್ನೊಂದು ಕಡೆ ಕಟ್ಟಬಹುದು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

ಆ ಯಂತ್ರ ಕೇಳಿಕೊಂಡ ಪ್ರಶ್ನೆಗಳು ಯಾರವು? ಈ ಕಲ್ಲಿನ ಮುಖ ಯಾವುದು? ಬೆನ್ನು ಯಾವುದು? ಹೇಗೆ ಕೂರಿಸಿದರೆ ಕೂರುತ್ತದೆ? ಇವು ಕಲ್ಲು ಕಟ್ಟುವ ಮೇಸ್ತ್ರಿ ದಿನಾ ಕೇಳಿಕೊಳ್ಳುವ ಪ್ರಶ್ನೆಗಳು! ಗಾರೆಯಿಲ್ಲದೆ ಕಲ್ಲು ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಅರ್ಜಿ ಹಾಕಿದ ಎಂಟು ದೇಶಗಳಲ್ಲಿ ಸ್ವಿಟ್ಜರ್ಲೆಂಡೂ ಒಂದು. ಒಂದು ಕೈಯಲ್ಲಿ ಹಳೆಯ ವಿದ್ಯೆಗೆ ಗೌರವ, ಇನ್ನೊಂದು ಕೈಯಲ್ಲಿ ಹೊಸ ಯಂತ್ರ. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಲಿಲ್ಲ.

ಆ ವಿದ್ಯೆ ನಮ್ಮಲ್ಲಿಲ್ಲವೇ? ಹಳೇ ಮೈಸೂರಿನ ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ನಿಂತು ನೀರಿನ ಕಡೆ ನೋಡಿ. ಅಲೆ ಏರಿಯನ್ನು ಕೊರೆಯದಂತೆ ಗಾರೆಯಿಲ್ಲದೆ ಹೊದಿಸಿದ ಒರಟು ಕಲ್ಲುಗಳಿವೆ. ಅವನ್ನು ಕೂರಿಸಿದವನ ಬಳಿ ಪದವಿ ಇರಲಿಲ್ಲ, ಲೆಕ್ಕ ಇತ್ತು. ಆ ಲೆಕ್ಕವೂ ಅದರ ಮಾತೂ ಕನ್ನಡದಲ್ಲಿದ್ದವು. ಇವತ್ತು ವಾಸ್ತುಶಿಲ್ಪ ಓದುವ ನಮ್ಮ ಹುಡುಗ ಪರದೆಯ ಮೇಲೆ ಗೋಡೆಯನ್ನು ಚಂದವಾಗಿ ತಿರುಗಿಸಿ ತೋರಿಸುತ್ತಾನೆ. ಅದೇ ಗೋಡೆ ಕಟ್ಟುವ ಮೇಸ್ತ್ರಿಯ ಹತ್ತಿರ ನಿಂತು ನಾಲ್ಕು ಮಾತು ಕೇಳಲು ನಾಚುತ್ತಾನೆ. ಇದೆಂಥ ಓದು?

ಯಂತ್ರ ಬಂದರೆ ಮೇಸ್ತ್ರಿಯ ಕೂಲಿ ಹೋಗುವುದಿಲ್ಲವೇ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕೈಗೆ ನಿಲುಕದ ಟನ್‌ಗಟ್ಟಲೆ ಭಾರದ ಕಲ್ಲನ್ನು ಯಂತ್ರ ಎತ್ತಲಿ, ಬೇಡ ಅನ್ನುವವರಾರು? ಆದರೆ ಅದರ ತಲೆಗೆ ಬುದ್ಧಿ ತುಂಬುವವರು ಯಾರು, ಯಾರ ಅನುಭವ ತುಂಬುತ್ತಾರೆ, ಅನ್ನ ಯಾರ ಪಾಲಾಗುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ನಮ್ಮ ಮೇಸ್ತ್ರಿಯ ತಿಳಿವನ್ನು ನಾವು ಬರೆದಿಡದಿದ್ದರೆ ಬೇರೆಯವರ ಯಂತ್ರ, ಬೇರೆಯವರ ಬುದ್ಧಿ ಹೊತ್ತು ನಮ್ಮ ಕೆರೆ ಏರಿಗೆ ಬಂದು ನಿಲ್ಲುತ್ತದೆ.

ಭಾಷೆಯ ಮಾತನ್ನೂ ಹೇಳಿಬಿಡುತ್ತೇನೆ. ಇಟಿಎಚ್‌ನಲ್ಲಿ ಮೊದಲ ಪದವಿಯ ಪಾಠ ಬಹುಪಾಲು ಜರ್ಮನ್ನಿನಲ್ಲೇ. ಇಂಗ್ಲಿಷ್ ಮುಖ್ಯವಾಗಿ ಮೇಲಿನ ತರಗತಿಗಳಿಗೆ. ತಾಯ್ನುಡಿಯಲ್ಲಿ ತಳಪಾಯ ಹಾಕಿಕೊಂಡವರು ಜಗತ್ತಿನ ಮುಂದೆ ಕುಗ್ಗಿದರೇ? ನೀವೇ ಹೇಳಿ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮೆಲ್ಲರ ಜೇಬಿನಲ್ಲಿ ಫೋನಿದೆ. ಒಂದು ಭಾನುವಾರ ಒಬ್ಬ ಕಲ್ಲು ಕೆಲಸದ ಹಿರಿಯರ ಬಳಿ ಹೋಗಿ. ಅವರನ್ನು ಬಹುವಚನದಲ್ಲಿ ಮಾತಾಡಿಸಿ. ಅವರ ಕೆಲಸವನ್ನು, ಮಾತನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ. ಕಲ್ಲಿಗೆ, ಸಂದಿಗೆ, ಉಳಿಗೆ ಅವರು ಬಳಸುವ ಕನ್ನಡ ಪದ ಬರೆದುಕೊಳ್ಳಿ. ಹಳೆಯ ಗೋಡೆಯನ್ನು ಎಲ್ಲ ಕಡೆಯಿಂದ ಚಿತ್ರ ತೆಗೆದರೆ ಗಣಕದಲ್ಲಿ ಅದರ ಅಚ್ಚು ಮಾಡಬಹುದು. ಬ್ಲೆಂಡರ್ ಪುಕ್ಕಟೆ ಸಿಗುತ್ತದೆ. ಇಟಿಎಚ್‌ನವರೇ ಬರೆದ ಕಾಂಪಾಸ್ ಅನ್ನುವ ತಂತ್ರಾಂಶವೂ ಎಲ್ಲರಿಗೂ ತೆರೆದಿದೆ. ಸಾಧನ ಇದೆ, ಗುರು ಇದ್ದಾರೆ. ಇಬ್ಬರ ನಡುವೆ ನಿಲ್ಲುವ ಶಿಷ್ಯ ಬೇಕು.

ಆ ಶಿಷ್ಯರು ನೀವಾಗಿ. ಹಿರಿಯರ ಕೈ ಸೋಲುವ ಮೊದಲೇ ಹೋಗಿ.