ಬಿಡುವಿನ ವೇಳೆಯ ವಿಡಿಯೋ ಕೆಲಸ: ದರ ಕಟ್ಟುವ ಬಗೆ

ವಾರವಿಡೀ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದು, ಭಾನುವಾರ ಮತ್ತು ರಜೆಯ ದಿನಗಳಲ್ಲಿ ಮದುವೆ, ಗೃಹಪ್ರವೇಶ, ರಂಗಪ್ರವೇಶ, ಶಾಲಾ ವಾರ್ಷಿಕೋತ್ಸವಗಳನ್ನು ಚಿತ್ರೀಕರಿಸಿ ಕೊಡುವವರು ಇಂದು ನಮ್ಮ ಊರೂರಲ್ಲೂ ಇದ್ದಾರೆ. ನೀವೂ ಅಂಥವರಲ್ಲಿ ಒಬ್ಬರಾಗಿದ್ದರೆ ಅಥವಾ ಆಗಬೇಕೆಂದಿದ್ದರೆ ಈ ನಾಲ್ಕು ಮಾತುಗಳು ನಿಮಗಾಗಿ. ಕ್ಯಾಮೆರಾ ಹಿಡಿಯುವುದನ್ನು ಕಲಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಗಿರಾಕಿ ಎದುರಿಗೆ ಕುಳಿತು “ಎಷ್ಟಾಗುತ್ತೆ?” ಎಂದು ಕೇಳಿದಾಗ ಏನು ಹೇಳಬೇಕೆಂಬುದನ್ನು ಯಾರೂ ಕಲಿಸುವುದಿಲ್ಲ. ಆಗ ಹೆಚ್ಚಿನವರು ಏನು ಮಾಡುತ್ತಾರೆ? ಪಕ್ಕದ ಸ್ಟುಡಿಯೋದವರು ಕೇಳುವುದಕ್ಕಿಂತ ಒಂದೆರಡು ಸಾವಿರ ಕಡಿಮೆ ಹೇಳಿಬಿಡುತ್ತಾರೆ. “ಸಂಬಳ ಹೇಗೂ ಬರುತ್ತದೆ, ಇದರಲ್ಲಿ ಬಂದಷ್ಟು ಲಾಭ” ಎಂಬ ಸಮಾಧಾನ ಬೇರೆ!

ಈ ಸಮಾಧಾನವನ್ನು ಸ್ವಲ್ಪ ಕೆದಕಿ ನೋಡೋಣ. ಕಾರ್ಖಾನೆಯಲ್ಲಿ ಗೊತ್ತುಪಡಿಸಿದ ವೇಳೆಗಿಂತ ಹೆಚ್ಚು ದುಡಿಸಿಕೊಂಡರೆ ಆ ಗಂಟೆಗಳಿಗೆ ದುಪ್ಪಟ್ಟು ವೇತನ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಕಾರಣ ಸರಳ. ದಣಿದ ಮೈಯಿಂದ, ಮನೆಮಂದಿಯ ಪಾಲಿನ ವೇಳೆಯಿಂದ ಕಿತ್ತು ಕೊಡುವ ಗಂಟೆ ಅದು. ಹಾಗಿದ್ದ ಮೇಲೆ ನಿಮ್ಮ ಭಾನುವಾರದ ಗಂಟೆ ಸೋಮವಾರದ ಗಂಟೆಗಿಂತ ಅಗ್ಗವಾಗುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಸಂಬಳ ತಿಂಗಳಿಗೆ 31,200 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ. ಗಂಟೆಗೆ 150 ರೂಪಾಯಿ ಬಿತ್ತು. ಈಗ ಒಂದು ಮದುವೆಯ ಕೆಲಸ ಒಪ್ಪಿಕೊಂಡಿರಿ. ಛತ್ರದಲ್ಲಿ 10 ಗಂಟೆ ನಿಂತಿರಿ ಎಂದರೆ ಕೆಲಸ 10 ಗಂಟೆಯದಲ್ಲ. ಸಿದ್ಧತೆಗೆ, ಹೋಗಿ ಬರುವುದಕ್ಕೆ 3 ಗಂಟೆ. ಚಿತ್ರಿಕೆಗಳನ್ನು ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಡಿಸ್ಕಿನಲ್ಲಿ ನಕಲು ಇಡುವುದಕ್ಕೆ 2. ಸಂಕಲನಕ್ಕೆ ರಾತ್ರಿ ಊಟದ ನಂತರ ಕುಳಿತ ಗಂಟೆಗಳು 18. “ಸೋದರಮಾವ ಎಲ್ಲೂ ಕಾಣಿಸಲಿಲ್ಲವಲ್ಲ” ಎಂದು ಬಂದಾಗ ತಿದ್ದಿಕೊಡಲು 3, ಮಾತುಕತೆಗೆ 2. ಒಟ್ಟು 38 ಗಂಟೆ! ಸಂಕಲನದ ಗಂಟೆಗಳನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಹಾಲಿನ ಲೆಕ್ಕ ಬರೆಯುವಂತೆ ಕ್ಯಾಲೆಂಡರಿನ ಮೇಲೆಯೇ ಬರೆಯಿರಿ, ಸಾಕು.

ಇನ್ನು ಸಲಕರಣೆ. ಕ್ಯಾಮೆರಾ, ಮಸೂರ, ಮೈಕು, ದೀಪ, ಕಂಪ್ಯೂಟರ್ ಸೇರಿ 2,40,000 ರೂಪಾಯಿ ಹಾಕಿದ್ದೀರಿ. ನಾಲ್ಕು ವರ್ಷ ಬಾಳಿಕೆ ಎಂದರೆ ವರ್ಷಕ್ಕೆ 60,000 ಸವಕಳಿ. ರಿಪೇರಿ, ಡಿಸ್ಕು, ತಂತ್ರಾಂಶ, ವಿಮೆಗೆ 24,000 ಸೇರಿಸಿ. ಈ 84,000ವನ್ನು ಎಷ್ಟು ಕೆಲಸಗಳಿಗೆ ಹಂಚುತ್ತೀರಿ? ವರ್ಷಕ್ಕೆ 52 ಭಾನುವಾರಗಳೇನೋ ಇವೆ. ಆದರೆ ಆಷಾಢದಲ್ಲಿ, ಧನುರ್ಮಾಸದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಬಹುಪಾಲು ಮನೆಗಳಲ್ಲಿ ಮದುವೆ ನಡೆಯುವುದಿಲ್ಲ. ಅಲ್ಲಿಗೆ ಸುಮಾರು 10 ವಾರ ಹೋಯಿತು. ನಿಮ್ಮ ಮನೆಯ ಕಾರ್ಯ, ಜ್ವರ, ಯಾರೂ ಕರೆಯದ ವಾರ ಎಲ್ಲ ಕಳೆದರೆ 28 ಕೆಲಸ ಸಿಕ್ಕಿದರೆ ಪುಣ್ಯ. ಅಂದರೆ ಕೆಲಸವೊಂದಕ್ಕೆ 3,000 ರೂಪಾಯಿ ಸಲಕರಣೆಯ ಪಾಲು. ಸಹಾಯಕನ ಕೂಲಿ, ಪ್ರಯಾಣಕ್ಕೆ 2,300 ಇರಲಿ.

ಈಗ ಕೂಡಿಸಿ. 38 ಗಂಟೆಗೆ ದುಪ್ಪಟ್ಟು ದರ 300ರಂತೆ 11,400. ಸಲಕರಣೆ ಮತ್ತು ಇತರ ವೆಚ್ಚ 5,300. ಒಟ್ಟು 16,700. ನೀವು ಬಾಯಿಗೆ ಬಂದಂತೆ “ಎಂಟು ಸಾವಿರ ಕೊಡಿ” ಎಂದಿದ್ದರೆ ಕೈಯಲ್ಲಿ ಉಳಿಯುವುದು 2,700. ಗಂಟೆಗೆ 71 ರೂಪಾಯಿ. ನಿಮ್ಮದೇ ಸಂಬಳದ ಅರ್ಧಕ್ಕಿಂತ ಕಡಿಮೆ. ಈ ಅಂಕಿಗಳು ನಿಮ್ಮ ಊರಿಗೆ ಹೊಂದಬೇಕೆಂದೇನೂ ಇಲ್ಲ. ನಿಮ್ಮ ಅಂಕಿಗಳನ್ನು ಹಾಕಿ ನೋಡಿ.

“ಅಷ್ಟು ಕೇಳಿದರೆ ಯಾರು ಕೊಡುತ್ತಾರೆ ಸ್ವಾಮಿ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿ.ಎಚ್.ಎಸ್. ಕಾಲದಲ್ಲಿ ಗಿರಾಕಿಯ ಕೈಗೆ ಕ್ಯಾಸೆಟ್ಟು ಬರುತ್ತಿತ್ತು; ಅದಕ್ಕೆ ಅಂಗಡಿಯಲ್ಲಿ ಬೆಲೆ ಇದೆಯೆಂದು ಅವರಿಗೆ ಗೊತ್ತಿತ್ತು. ಇಂದು ಉಗುರಿನಷ್ಟು ಕಾರ್ಡು, ಅದೂ ಅಳಿಸಿ ಮತ್ತೆ ಬಳಸುವಂಥದು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 45 ಗಿಗಾಬೈಟ್ ತುಂಬುತ್ತದೆ, ಎರಡು ನಕಲಿಟ್ಟರೆ 90; ಇದು ಗಿರಾಕಿಯ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಒಂದೇ ಮೊತ್ತ ಹೇಳಬೇಡಿ. ಚಿತ್ರೀಕರಣ ಇಷ್ಟು, ಸಂಕಲನ ಇಷ್ಟು, ಪ್ರಯಾಣ ಇಷ್ಟು ಎಂದು ಹಾಳೆಯ ಮೇಲೆ ಬರೆದುಕೊಡಿ. ಅವರು ಚೌಕಾಸಿ ಮಾಡಿದರೆ ದರ ಇಳಿಸುವ ಬದಲು ಕೆಲಸ ಇಳಿಸಿ. ಮೂರು ಗಂಟೆಯ ಚಿತ್ರದ ಜಾಗದಲ್ಲಿ ಮುಹೂರ್ತ, ಧಾರೆಯಷ್ಟೇ ಇರುವ ಅರ್ಧ ಗಂಟೆಯ ಚಿತ್ರ ಕೊಟ್ಟರೆ ಸಂಕಲನದ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ನೆಂಟರ ವಿಷಯ ಇನ್ನೂ ನಾಜೂಕು. ಅವರಿಗೆ ರಿಯಾಯಿತಿ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಅದರ ಕೆಳಗೆ ರಿಯಾಯಿತಿ ಕಳೆದು ತೋರಿಸಿ. ಇಲ್ಲವಾದರೆ ನಿಮ್ಮ ಪ್ರೀತಿಯ ದರವೇ ಊರಿಗೆಲ್ಲ ನಿಮ್ಮ ದರವಾಗುತ್ತದೆ. ಇದೇ ಕಸುಬಿನಿಂದ ಮಕ್ಕಳ ಶುಲ್ಕ ಕಟ್ಟುವ ಸ್ಟುಡಿಯೋದವನು ನಿಮ್ಮ ಬೀದಿಯಲ್ಲೇ ಇದ್ದಾನೆ. ಸಂಬಳದ ಆಸರೆಯಿಂದ ನೀವು ಇಳಿಸಿದ ಬೆಲೆಗೆ ಅವನೂ ಇಳಿಯಬೇಕಾಗುತ್ತದೆ. ಅವನಿಗೆ ತಿಂಗಳ ಕೊನೆಯಲ್ಲಿ ಸಂಬಳ ಬರುವುದಿಲ್ಲ. ನಾಳೆ ನಿಮ್ಮ ನೌಕರಿ ಹೋಗಿ ಇದನ್ನೇ ನೆಚ್ಚಬೇಕಾಗಿ ಬಂದರೆ ನೀವೂ ಅದೇ ಬೆಲೆಗೆ ನಿಲ್ಲಬೇಕು.

ಕಾನೂನಿನ ಒಂದೆರಡು ಸಂಗತಿ. ಸರ್ಕಾರಿ ನೌಕರರು ನಡತೆ ನಿಯಮಗಳಂತೆ ಅನುಮತಿ ಪಡೆಯದೆ ಈ ಕೆಲಸಕ್ಕೆ ಇಳಿಯುವಂತಿಲ್ಲ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ; ಆದಾಯ ತೆರಿಗೆಯ ಲೆಕ್ಕಕ್ಕೆ ಮಾತ್ರ ಈ ಗಳಿಕೆಯೂ ಸಂಬಳದ ಜೊತೆ ಸೇರುತ್ತದೆ.

ಹೆಚ್ಚು ಜಗಳ ಬರುವುದು ಇನ್ನೊಂದು ಕಡೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕುದಾರರು ಮಾಡಿಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಸಂಕಲನವಾಗದ ಚಿತ್ರಿಕೆಗಳನ್ನು ಕೊಡುತ್ತೀರೋ ಇಲ್ಲವೋ, ಕೊಟ್ಟರೆ ಎಷ್ಟು, ಎಷ್ಟು ತಿಂಗಳು ಕಾಪಾಡಿಡುತ್ತೀರಿ, ಎಷ್ಟು ಬಾರಿ ತಿದ್ದಿಕೊಡುತ್ತೀರಿ ಎಂಬುದನ್ನು ಮುಂಗಡ ಪಡೆಯುವ ದಿನವೇ ಬರೆದು ಇಬ್ಬರೂ ಸಹಿ ಹಾಕಿ. ಮುಂಗಡ ಮೂರನೇ ಒಂದು ಭಾಗವಾದರೂ ಇರಲಿ. ಮದುವೆ ಮುಂದಕ್ಕೆ ಹೋದರೆ ಅದು ಹೊಸ ದಿನಾಂಕಕ್ಕೆ ಸಲ್ಲುತ್ತದೆಂದೂ, ಪೂರ್ತಿ ರದ್ದಾದರೆ ಮರಳುವುದಿಲ್ಲವೆಂದೂ ಅದರಲ್ಲೇ ಸೇರಿಸಿ. ಆ ಭಾನುವಾರಕ್ಕೆ ನೀವು ಇನ್ನೊಬ್ಬರನ್ನು ಆಗಲೇ ಕಳುಹಿಸಿರುತ್ತೀರಿ.